ಇಳಿಯುತ್ತೆ ಅಂತ ಹೇಳಿದ್ದೆ

2022ರ ಮಳೆಗಾಲದ ಒಂದು ರಾತ್ರಿ ಭಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಆ ಪಿಎಸ್5 ಈಗಲೇ ತಗೊಳ್ಳುವುದಾ, ಸ್ವಲ್ಪ ಕಾಯುವುದಾ? ನೀನು ಆ ಲೈನಿನಲ್ಲಿ ಇದ್ದವನಲ್ವಾ, ಹೇಳು ಮಾರಾಯ." ಭಾವ ಅಂದರೆ ಅಕ್ಕನ ಗಂಡ, ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಅಳಿಯನಿಗೆ ಆಗ ಹತ್ತು ತುಂಬಿತ್ತು. ಪಿಎಸ್5 ಅಂದರೆ ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಸೆಟ್ಟು. ಆಗ ಅದರ ಬೆಲೆ 49,990 ರೂಪಾಯಿ. ಭಾವನ ಹತ್ತಿರ ಅಷ್ಟು ದುಡ್ಡು ಇರಲೇ ಇಲ್ಲ ಅಂತೇನಲ್ಲ. ಭಿಶಿ, ಅಂದರೆ ಚೀಟಿಯ ದುಡ್ಡು, ಎತ್ತಿದರೆ ಆಗುತ್ತಿತ್ತು, ಮನೆ ಬಾಡಿಗೆಯ ಡಿಪಾಸಿಟ್ ಏರಿಸುವುದನ್ನು ಸ್ವಲ್ಪ ಮುಂದೆ ತಳ್ಳಬೇಕಿತ್ತು ಅಷ್ಟೆ. ನಾನು ಯೋಚಿಸಲೂ ಇಲ್ಲ. "ಕಾಯಿರಿ ಭಾವ, ಇಳಿಯುತ್ತೆ. ಗೇಮ್ ಸೆಟ್ಟಿನ ಬೆಲೆ ಎರಡು ವರ್ಷದ ಮೇಲೆ ನಿಂತದ್ದನ್ನು ನಾನು ನೋಡಿಲ್ಲ" ಅಂದೆ.

ಆ ನವೆಂಬರಿನಲ್ಲಿ ಅದು 54,990 ಆಯಿತು.

ಭಾವ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಚೌತಿಗೆ ಹೋದಾಗ, ದೀಪಾವಳಿಗೆ ಹೋದಾಗ, ಅಳಿಯ ಮಾತ್ರ ನನ್ನ ಪಕ್ಕ ಕೂತು ಮೆಲ್ಲಗೆ ಕೇಳುತ್ತಿದ್ದ, "ಮಾವ, ಇಳೀತಾ?" ನಮ್ಮಲ್ಲಿ ಸೋದರಮಾವನ ಮಾತಿಗೆ ಮನೆಯಲ್ಲಿ ಒಂದು ತೂಕ ಇರುತ್ತದೆ. ಆ ತೂಕದ ಮೇಲೆ ಒಬ್ಬ ಹುಡುಗ ಮೂರು ವರ್ಷ ಕಾದ. ನಾನು ಸುಳ್ಳು ಹೇಳಿದ್ದಲ್ಲ, ನನಗೆ ಗೊತ್ತಿದ್ದ ನಿಜವನ್ನೇ ಹೇಳಿದ್ದೆ. ಆ ನಿಜ ಯಾವಾಗ ನಿಜವಾಗಿ ಉಳಿಯಲಿಲ್ಲ, ಯಾಕೆ ಉಳಿಯಲಿಲ್ಲ ಅನ್ನುವುದೇ ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಕೀಬೋರ್ಡ್ ಇದ್ದ ವಿಡಿಯೋ ಗೇಮ್

ನಮ್ಮ ಮನೆಗೆ ಮೊದಲ ವಿಡಿಯೋ ಗೇಮ್ ಬಂದದ್ದು 1996ರಲ್ಲಿ. ಅಪ್ಪ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು, ನಾವಿದ್ದದ್ದು ಘಾಟ್‌ಕೋಪರಿನ ಚಾಳಿನ ಒಂದು ಖೋಲಿಯಲ್ಲಿ. ಚಾಳಿನ ಕೊನೆಯ ಮನೆಯ ಗುಜರಾತಿ ಹುಡುಗನ ಹತ್ತಿರ ಅಸಲಿ 'ಸಮುರಾಯ್' ಇತ್ತು. ನಿಂಟೆಂಡೋದ ಯಂತ್ರವೇ ಆ ಹೆಸರಲ್ಲಿ ಭಾರತದಲ್ಲಿ ಮಾರಾಟವಾಗುತ್ತಿತ್ತು. ಅವನ ಮನೆಯ ಬಾಗಿಲಲ್ಲಿ ನಾವು ಆರು ಜನ ಚಪ್ಪಲಿ ಬಿಟ್ಟು ಕಾಯುತ್ತಿದ್ದೆವು. ಒಬ್ಬ ಸತ್ತರೆ ಇನ್ನೊಬ್ಬನ ಸರದಿ. ಅವನ ಅಮ್ಮ ಊಟಕ್ಕೆ ಕರೆದರೆ ಎಲ್ಲರ ಸರದಿಯೂ ಮುಗಿಯಿತು.

ಅಪ್ಪ ತಂದದ್ದು ನಕಲಿ ಸೆಟ್ಟು. ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಮನೀಶ್ ಮಾರ್ಕೆಟಿನಲ್ಲಿ 1,100 ರೂಪಾಯಿಗೆ ಚೌಕಾಶಿ ಮಾಡಿ ತಂದದ್ದು. ಅವರ ತಿಂಗಳ ಸಂಬಳ ಆಗ 2,800. ಅದಕ್ಕೆ ಒಂದು ಕೀಬೋರ್ಡ್ ಇತ್ತು, ಥೇಟ್ ಕಂಪ್ಯೂಟರಿನದ್ದರ ಹಾಗೆ ಕಾಣುವಂಥದ್ದು. ಕೀಲಿಗಳ ಮೇಲುಗಡೆ ಕ್ಯಾಸೆಟ್ ತೂರಿಸುವ ಕಂಡಿ. ಜೊತೆಗೆ ಕೊಟ್ಟ ಒಂದು ಕ್ಯಾಸೆಟಿನಲ್ಲಿ ಟೈಪಿಂಗ್ ಕಲಿಸುವ ಪಾಠ, ಕೂಡಿ ಕಳೆಯುವ ಲೆಕ್ಕ. ಇನ್ನೊಂದರಲ್ಲಿ ಮಾರಿಯೋ, ಕಾಂಟ್ರಾ ಎಲ್ಲ. (ಅದಕ್ಕೆ ನಾವೆಲ್ಲ ಕ್ಯಾಸೆಟ್ ಅಂತಲೇ ಅನ್ನುತ್ತಿದ್ದದ್ದು. ಕಾರ್ಟ್ರಿಜ್ ಅನ್ನುವ ಪದ ನಾನು ಕೇಳಿದ್ದು ಕೆಲಸಕ್ಕೆ ಸೇರಿದ ಮೇಲೆ.) ಅಮ್ಮ ಪೆಟ್ಟಿಗೆ ನೋಡಿದ ಕೂಡಲೇ ಮುಖ ಗಂಟು ಹಾಕಿದರು. ಅಪ್ಪ ಏನೂ ಹೇಳದೆ ಟೈಪಿಂಗ್ ಕ್ಯಾಸೆಟ್ ಹಾಕಿ, ಟಿವಿ ಟ್ಯೂನ್ ಮಾಡಿ, ತೋರುಬೆರಳಿನಿಂದ ಒಂದೊಂದೇ ಕೀಲಿ ಒತ್ತಿ ಅಮ್ಮನ ಹೆಸರು ಪರದೆ ಮೇಲೆ ಮೂಡಿಸಿದರು. ಅಮ್ಮ ಒಲೆ ಸಣ್ಣ ಮಾಡಿ ಬಂದು ನೋಡಿದರು. "ಕಂಪ್ಯೂಟರ್ ಕಲೀತಾನೆ, ಮುಂದೆ ಬೇಕಾಗುತ್ತೆ" ಅಂದರು ಅಪ್ಪ. ಆ ಟೈಪಿಂಗ್ ಕ್ಯಾಸೆಟನ್ನು ಆಮೇಲೆ ಎಷ್ಟು ಸಲ ಹಾಕಿದ್ದೇವೋ ನೆನಪಿಲ್ಲ. ಆದರೆ ಅದು ಇಲ್ಲದಿದ್ದರೆ ಆ ಪೆಟ್ಟಿಗೆ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

ಬೆಲೆಯ ಬಗ್ಗೆ ನಾನು ಕಲಿತ ಮೊದಲ ಪಾಠ ಅದೇ. ಸಾಧಾರಣ ಮನೆಯಲ್ಲಿ ಯಾವ ವಸ್ತುವಿನ ಬೆಲೆಯನ್ನೂ ಅದೊಂದನ್ನೇ ಇಟ್ಟು ಯಾರೂ ತೂಗುವುದಿಲ್ಲ. ಇದರಿಂದ ಇನ್ನೇನಾಗುತ್ತದೆ, ಕೇಳಿದವರಿಗೆ ಏನು ಹೇಳುವುದು, ಯಾವುದನ್ನು ಬಿಟ್ಟು ಇದನ್ನು ತಂದೆವು, ಇಷ್ಟೂ ಆ ಬೆಲೆಯೊಳಗೇ ಬರುತ್ತವೆ. ಸೋನಿಯ ಹಳೆಯ ಸೆಟ್ಟು ಪಿಎಸ್2 ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು, ಇವತ್ತಿಗೂ ಅದನ್ನು ಮೀರಿಸಿದ ಸೆಟ್ಟಿಲ್ಲ. ಗೇಮ್ ಒಳ್ಳೆಯದಿತ್ತು ಅನ್ನುವುದು ಒಂದು ಕಾರಣ. ಅದರಲ್ಲಿ ಡಿವಿಡಿ ಓಡುತ್ತಿತ್ತು ಅನ್ನುವುದು ಇನ್ನೊಂದು. 2000ದಲ್ಲಿ ಜಪಾನಿನಲ್ಲಿ ಅದು ಬಂದಾಗ ಬರೀ ಡಿವಿಡಿ ಪ್ಲೇಯರೇ ಅದಕ್ಕಿಂತ ದುಬಾರಿಯಾಗಿ ಸಿಗುತ್ತಿದ್ದ ಕಾಲ. ಸಿನಿಮಾ ನೋಡುವುದಕ್ಕೆ ಅಂತ ತಂದೆ ಎಂದು ಎಷ್ಟು ದೇಶಗಳ ಎಷ್ಟು ಅಪ್ಪಂದಿರು ಎಷ್ಟು ಅಮ್ಮಂದಿರಿಗೆ ಹೇಳಿದ್ದಾರೋ. ನನ್ನ ಅಪ್ಪನ ಕೀಬೋರ್ಡ್ ಮಾಡಿದ ಕೆಲಸವನ್ನೇ ಅಲ್ಲಿ ಡಿವಿಡಿ ಮಾಡಿತು.

ತಲೆಗೆ ಎಷ್ಟು ಬೀಳುತ್ತೆ

2005ರಿಂದ ಐದು ವರ್ಷ ನಾನು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಆ ರಸ್ತೆ ಶುರುವಾಗುವುದು ಮೂಗಿಗೇ ಗೊತ್ತಾಗುತ್ತಿತ್ತು, ಬೆಸುಗೆಯ ಹೊಗೆ ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ. 2007ರ ಏಪ್ರಿಲ್‌ನಲ್ಲಿ ಪಿಎಸ್3 ಭಾರತಕ್ಕೆ ಬಂತು. ಬೆಲೆ 39,990. ಸೇಠ್ ಅದನ್ನು ಗಾಜಿನ ಕಪಾಟಿನಲ್ಲಿ ಮೇಲಿನ ಹಲಗೆಯ ಮೇಲೆ ಇಟ್ಟ. ಕೆಳಗಿನ ಹಲಗೆಯಲ್ಲಿ ಪಿಎಸ್2. ದಿನಕ್ಕೆ ಮೂವತ್ತು ಜನ ಬಂದು ಮೇಲಿನದ್ದನ್ನು ನೋಡುತ್ತಿದ್ದರು, ಕೊಂಡವರು ಕೆಳಗಿನದ್ದನ್ನು ಕೊಂಡು ಹೋಗುತ್ತಿದ್ದರು. ಏಳು ವರ್ಷ ಹಳೆಯ ಯಂತ್ರ, ಆದರೂ ನಮ್ಮ ಅಂಗಡಿಯ ಹೊಟ್ಟೆ ತುಂಬಿಸಿದ್ದು ಅದೇ.

ಮುಂದಿನ ವರ್ಷ ಒಂದು ಮಂಗಳವಾರ ಮಧ್ಯಾಹ್ನ ಎಂಟು ಹುಡುಗರು ಒಟ್ಟಿಗೆ ಒಳಗೆ ಬಂದರು. ಎಂಟು ಜನ ಒಟ್ಟಿಗೆ ಬಂದರೆ ನೋಡಿ ಹೋಗುವವರು ಅಂತ ನಮ್ಮ ಲೆಕ್ಕ. ಹಿಂದಿಯಲ್ಲಿ ರೇಟು ಕೇಳಿದರು, ನಾನೂ ಹಿಂದಿಯಲ್ಲೇ ಹೇಳಿದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ನಾನು ಕನ್ನಡದಲ್ಲಿ ಎರಡು ಮಾತಾಡಿ ಇಟ್ಟದ್ದೇ ತಡ, ಅವರಲ್ಲಿ ಸಣ್ಣವನು "ಅಣ್ಣ, ನೀವು ಕನ್ನಡದವರಾ?" ಅಂದ. ಕುಂದಾಪುರ ಕಡೆಯ ಹುಡುಗರು, ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ. ಇಬ್ಬರು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಎಲ್ಲರೂ ಇದ್ದದ್ದು ಹೋಟೆಲಿನವರೇ ಕೊಟ್ಟ ಒಂದೇ ರೂಮಿನಲ್ಲಿ, ಅಲ್ಲಿ ಗಿರಾಕಿಯೊಬ್ಬರು ಬಿಟ್ಟುಕೊಟ್ಟ ಹಳೆಯ ಟಿವಿ ಇತ್ತು. ಮೊದಲು ಮೇಲಿನ ಹಲಗೆ ತೋರಿಸಿ "ಅದೆಷ್ಟು?" ಅಂದರು. ಹೇಳಿದೆ. ಯಾರೂ ಮಾತಾಡಲಿಲ್ಲ. ಅವರಲ್ಲೊಬ್ಬ ತನ್ನ ಸಂಬಳ 3,500 ಅಂತ ಆಮೇಲೆ ಮಾತಿನ ನಡುವೆ ಹೇಳಿದ. ಅಂದರೆ ಆ ಪೆಟ್ಟಿಗೆ ಅವನ ಹನ್ನೊಂದು ತಿಂಗಳ ದುಡಿಮೆ.

"ಕೆಳಗಿನದ್ದು?" ಅಂದ ದೊಡ್ಡವನು. ಸೆಟ್ಟು, ಇನ್ನೊಂದು ರಿಮೋಟ್, ಮೆಮೊರಿ ಕಾರ್ಡು ಎಲ್ಲ ಸೇರಿ ಎಂಟು ಸಾವಿರದ ಆಚೀಚೆ ಬಂತು. ಅವನು ಕಣ್ಣು ಮುಚ್ಚಿ ಭಾಗಿಸಿದ. "ತಲೆಗೆ ಸಾವಿರ ಬೀಳುತ್ತೆ." ಉಳಿದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಸಣ್ಣವನು ಅಂಗಿಯೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೌಂಟರಿನ ಮೇಲೆ ಸುರಿದ. ಹತ್ತರ ನೋಟು, ಇಪ್ಪತ್ತರ ನೋಟು, ಎರಡು ರೂಪಾಯಿಯ ನಾಣ್ಯಗಳು. ಎಲ್ಲ ಟಿಪ್ಸಿನ ದುಡ್ಡು. ಎಣಿಸುವುದಕ್ಕೆ ನಮಗೆ ಅರ್ಧ ಗಂಟೆ ಹಿಡಿಯಿತು. ಕೆಲವು ನೋಟುಗಳಿಗೆ ಸಾಂಬಾರಿನ ಕಲೆ ಹತ್ತಿತ್ತು, ನಾನು ಹೋಟೆಲಿನವನ ಮಗ, ಅದು ಯಾವ ಕಲೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸೇಠ್ ಮೊದಲು ಗೊಣಗಿದ, ಆಮೇಲೆ ತಾನೇ ಒಂದು ಕ್ರಿಕೆಟ್ ಗೇಮನ್ನು ಚೀಲಕ್ಕೆ ಹಾಕಿ ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಪಿಎಸ್3 ಬರುವ ಮುಂಚೆ, 2005ರಲ್ಲಿ, ಸೋನಿಯ ಕೆನ್ ಕುತರಾಗಿ ಅದರ ಬೆಲೆಯ ಬಗ್ಗೆ ಆಡಿದ ಮಾತೊಂದು ಆಗ ಬಹಳ ಸುದ್ದಿಯಾಗಿತ್ತು. ಇನ್ನಷ್ಟು ಹೊತ್ತು ದುಡಿದಾದರೂ ಇದನ್ನು ಕೊಳ್ಳುತ್ತೇನೆ ಅಂತ ಜನಕ್ಕೆ ಅನ್ನಿಸಬೇಕು ಎಂಬ ಅರ್ಥದ್ದು. ಕುತರಾಗಿ ಪ್ಲೇಸ್ಟೇಷನ್ನನ್ನೇ ಕಟ್ಟಿದ ಎಂಜಿನಿಯರ್, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಟೇಬಲ್ ಒರೆಸುವವನಿಗೆ ಇನ್ನಷ್ಟು ಹೊತ್ತು ಎಲ್ಲಿಂದ ಬರಬೇಕು? ಆ ಎಂಟು ಜನ ದುಡಿಮೆಯ ಗಂಟೆ ಹೆಚ್ಚಿಸಲಿಲ್ಲ, ಬೆಲೆಯನ್ನು ಎಂಟು ತುಂಡು ಮಾಡಿದರು. ಏಳೆಂಟು ವರ್ಷ ಕಾದ ಮೇಲೆ ಬೆಲೆ ಅಷ್ಟು ಸಣ್ಣ ತುಂಡಾಗಿ ಮುರಿಯುವ ಮಟ್ಟಕ್ಕೆ ಬಂದಿತ್ತು. 'ಮಾಸ್ ಮಾರ್ಕೆಟ್' ಅನ್ನುವ ಪದ ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಕೌಂಟರು, ಆ ನೋಟಿನ ರಾಶಿ.

ಸರದಿ ಮುಂದೆ ಸರಿಯುತ್ತಿದ್ದ ಕಾಲ

ಬೆಲೆ ಯಾಕೆ ಇಳಿಯುತ್ತಿತ್ತು ಅನ್ನುವುದಕ್ಕೆ ದಯೆ ದಾಕ್ಷಿಣ್ಯ ಕಾರಣವಲ್ಲ. ಸೆಟ್ಟನ್ನು ಲಾಭವಿಲ್ಲದೆ, ಒಮ್ಮೊಮ್ಮೆ ನಷ್ಟಕ್ಕೂ ಮಾರಿ, ಗೇಮಿನಲ್ಲಿ ಹಿಂದೆ ಪಡೆಯುವುದು ಈ ವ್ಯಾಪಾರದ ಹಳೆಯ ಲೆಕ್ಕ. ಅಮೆರಿಕದಲ್ಲಿ ಪಿಎಸ್3 ಬಂದಾಗ ದೊಡ್ಡ ಮಾಡೆಲಿಗೆ 599 ಡಾಲರ್. ಅದನ್ನು ಬಿಚ್ಚಿ ನೋಡಿದ ಐಸಪ್ಲೈ ಸಂಸ್ಥೆ, ತಯಾರಿಕೆಗೇ ಸುಮಾರು 840 ಡಾಲರ್ ಬೀಳುತ್ತದೆ ಅಂತ ಅಂದಾಜು ಮಾಡಿತ್ತು. ಅಷ್ಟು ನಷ್ಟ ತಿಂದು ಮಾರಿದರೂ ಜನಕ್ಕೆ ಅದು ದುಬಾರಿಯೇ ಆಯಿತು. ಈ ಲೆಕ್ಕ ಓಡುವುದು ದಿನ ಕಳೆದಂತೆ ಒಳಗಿನ ಸಾಮಾನು ಅಗ್ಗವಾದರೆ ಮಾತ್ರ. ಆಗುತ್ತಿತ್ತು. ಯಂತ್ರದೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಚಿಕ್ಕದಾಗುತ್ತಿತ್ತು, ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಹೆಚ್ಚು ಚಿಪ್ಪು ಸಿಗುತ್ತಿದ್ದವು. ಪಿಎಸ್2ರ ಎರಡು ಮುಖ್ಯ ಚಿಪ್ಪುಗಳನ್ನು ಮುಂದೆ ಒಂದರಲ್ಲೇ ಕೂರಿಸಿಬಿಟ್ಟರು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದದ್ದು 2002ರಲ್ಲಿ 199, 2004ರಲ್ಲಿ 149, 2009ರಲ್ಲಿ 99. ಒಂದೊಂದು ಇಳಿಕೆಗೂ ಹೊರಗೆ ನಿಂತಿದ್ದ ಒಂದು ಸಾಲು ಮನೆಗಳು ಒಳಗೆ ಬಂದವು.

ಮೊದಲ ದಿನದ ಬೆಲೆಯಲ್ಲೇ ಪಂದ್ಯ ತೀರ್ಮಾನವಾದದ್ದೂ ಉಂಟು. 1995ರಲ್ಲಿ ಲಾಸ್ ಏಂಜಲೀಸಿನ ಮೇಳದಲ್ಲಿ ಸೋನಿಯ ಪ್ರತಿಸ್ಪರ್ಧಿ ಸೆಗಾ ತನ್ನ ಸ್ಯಾಟರ್ನ್ ಸೆಟ್ಟಿಗೆ 399 ಡಾಲರ್ ಅಂದಿತು. ಆಮೇಲೆ ವೇದಿಕೆಗೆ ಬಂದ ಸೋನಿಯ ಸ್ಟೀವ್ ರೇಸ್ ತಮ್ಮ ಮೊದಲ ಪ್ಲೇಸ್ಟೇಷನ್ನಿನ ಬೆಲೆಯಾಗಿ ಒಂದೇ ಒಂದು ಸಂಖ್ಯೆ, 299, ಅಂತ ಹೇಳಿ ಇಳಿದುಹೋದರು. ನನಗೆ ಅದಕ್ಕಿಂತ ಇಷ್ಟದ ಕತೆ 2011ರದ್ದು. ನಿಂಟೆಂಡೋ ಕೈಯಲ್ಲಿ ಹಿಡಿದು ಆಡುವ ತನ್ನ 3ಡಿಎಸ್ಸನ್ನು ಜಪಾನಿನಲ್ಲಿ 25,000 ಯೆನ್ನಿಗೆ ತಂದಿತು, ಹೋಗಲಿಲ್ಲ. ಆರು ತಿಂಗಳೊಳಗೆ 15,000ಕ್ಕೆ ಇಳಿಸಿದರು. ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು, ಮೊದಲೇ ಹೆಚ್ಚು ಕೊಟ್ಟು ಕೊಂಡವರ ಕ್ಷಮೆ ಕೇಳಿ 20 ಹಳೆಯ ಗೇಮುಗಳನ್ನು ಉಚಿತವಾಗಿ ಕೊಟ್ಟರು. ಬೆಲೆ ತಪ್ಪಿಟ್ಟೆವು ಅಂತ ಒಪ್ಪಿಕೊಳ್ಳುವುದಕ್ಕೆ ಎದೆ ಬೇಕು.

ಈಗ ಆ ಸರದಿ ನಿಂತಿದೆ. ಪಿಎಸ್5ರ ಚಿಪ್ಪೂ 2022ರಲ್ಲಿ ಸ್ವಲ್ಪ ಚಿಕ್ಕದಾಯಿತು, ಬೆಲೆ ಮಾತ್ರ ಅದೇ ವರ್ಷ ಏರಿತು. ಹೊಸ ತಂತ್ರದಲ್ಲಿ ಚಿಪ್ಪು ಮಾಡುವುದೇ ಇಂದು ಹಿಂದಿಗಿಂತ ದುಬಾರಿ. ಚಿಕ್ಕದಾದ ಮಾತ್ರಕ್ಕೆ ಅಗ್ಗ ಆಗುವುದಿಲ್ಲ. ಅಮೆರಿಕದಲ್ಲೂ 499 ಡಾಲರಿನದ್ದು ಐದು ವರ್ಷ ಆಗುತ್ತಾ ಬಂದಾಗ, 2025ರ ಆಗಸ್ಟಿನಲ್ಲಿ, 549ಕ್ಕೆ ಹೋಯಿತು. ಮೈಕ್ರೋಸಾಫ್ಟಿನ ಸೆಟ್ಟು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಎರಡು ಸಲ ಏರಿತು. ಇಷ್ಟಾದರೂ ಪಿಎಸ್5 ಜಗತ್ತಿನಲ್ಲಿ ಎಂಟು ಕೋಟಿ ದಾಟಿದೆ. ಕೊಡಬಲ್ಲವರೇ ಅಷ್ಟು ಜನ ಇರುವಾಗ, ಕೊಡಲಾಗದವರಿಗಾಗಿ ಇಳಿಸುವ ಅವಸರ ಯಾರಿಗಿದೆ?

ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ. 39,990 ಅನ್ನುವ ಸಂಖ್ಯೆ ನನ್ನನ್ನು ಹಿಂಬಾಲಿಸುತ್ತಲೇ ಇದೆ. ಪಿಎಸ್3 ಬಂದದ್ದು ಆ ಬೆಲೆಗೆ, ಪಿಎಸ್4ಕ್ಕೂ ಅದೇ ಬೆಲೆ, 2021ರಲ್ಲಿ ಡಿಸ್ಕ್ ಇಲ್ಲದ ಪಿಎಸ್5ಕ್ಕೂ ಅದೇ. ನಡುವೆ ಹದಿನಾಲ್ಕು ವರ್ಷ, ಸಂಬಳಗಳು ಏರಿವೆ, ಗೇಮ್ ಸೆಟ್ಟಿನ ಮೇಲಿನ ಜಿಎಸ್‌ಟಿಯನ್ನು 2018ರ ಕೊನೆಯಲ್ಲಿ ಶೇ. 28ರಿಂದ 18ಕ್ಕೆ ಇಳಿಸಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿದರೆ ಇದು ಅಗ್ಗವಾದ ಹಾಗೇ. ಹಬ್ಬದ ಹೊತ್ತಿಗೆ ಕೆಲವು ದಿನ ಕೆಲವು ಸಾವಿರ ರಿಯಾಯಿತಿಯೂ ಬರುತ್ತದೆ. "ಆಗ ಕೊಳ್ಳಬಹುದಿತ್ತಲ್ಲ" ಅಂತ ಗೆಳೆಯನೊಬ್ಬ ಕೇಳಿದ. ಇಳಿಕೆ ಬೇರೆ, ರಿಯಾಯಿತಿ ಬೇರೆ. ಇಳಿದ ಬೆಲೆ ನಿಮ್ಮ ದುಡ್ಡು ಕೂಡುವವರೆಗೆ ಅಲ್ಲೇ ಕಾಯುತ್ತದೆ. ರಿಯಾಯಿತಿಗೆ ಅದೇ ವಾರ ಕೈಯಲ್ಲಿ ಪೂರ್ತಿ ದುಡ್ಡು ಇರಬೇಕು. ಭಾವನ ಭಿಶಿ ಬರುವುದು ಅದರ ಸರದಿ ಬಂದಾಗ, ಅಂಗಡಿಯವನ ಹಬ್ಬ ನೋಡಿಕೊಂಡಲ್ಲ.

ಡಿಸ್ಕ್ ಇಲ್ಲದ ಸೆಟ್ಟು ಬಡವರ ಸೆಟ್ಟು ಅಂತ ಹೇಳುವವರನ್ನು ಕೇಳಿದ್ದೇನೆ. ನನಗೆ ಅದು ತಪ್ಪು ಅನ್ನಿಸುತ್ತದೆ, ಗಟ್ಟಿಯಾಗಿಯೇ ಅನ್ನಿಸುತ್ತದೆ. ಹೊಸ ಪಿಎಸ್5 ಗೇಮಿನ ಬೆಲೆಯೇ ಸಾವಿರಗಳಲ್ಲಿ ಇದೆ. ಡಿಸ್ಕಾದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದ್ದನ್ನು ತರಬಹುದು, ಆರು ತಿಂಗಳು ಬಿಟ್ಟು ಅರ್ಧ ಬೆಲೆಗೆ ಕೊಳ್ಳಬಹುದು. ಡೌನ್‌ಲೋಡ್ ಆದದ್ದನ್ನು ಯಾರಿಗೆ ಮಾರುತ್ತೀರಿ? ಪೆಟ್ಟಿಗೆಯ ಮೇಲೆ ಕೆಲವು ಸಾವಿರ ಉಳಿಸಿ, ಮುಂದೆ ಪ್ರತಿ ಗೇಮಿಗೂ ಪೂರ್ತಿ ಕೊಡುವುದು. ಆ ಎಂಟು ಹುಡುಗರ ಹಾಗೆ ಹಂಚಿಕೊಂಡು ಬದುಕುವವರಿಗೆ ಅದರಂಥ ದುಬಾರಿ ಯಂತ್ರ ಇನ್ನೊಂದಿಲ್ಲ.

ಇದರ ನಡುವೆ ಮೊಬೈಲ್ ಬಂತು. ಜಿಯೋ ಬಂದ 2016ರ ನಂತರ ಹುಡುಗರ ಆಟ ಅಲ್ಲಿಗೇ ಹೋಯಿತು. ಹನ್ನೆರಡು ಸಾವಿರದ ಫೋನಿಗೆ ಯಾವ ಮನೆಯಲ್ಲೂ ಜಗಳವಿಲ್ಲ, ಯಾಕೆಂದರೆ ಕ್ಲಾಸು, ಯುಪಿಐ, ಊರಿನ ಅಜ್ಜಿಗೆ ವಿಡಿಯೋ ಕಾಲ್ ಎಲ್ಲ ಅದರಲ್ಲೇ. ಅದು ಇವತ್ತಿನ ಕೀಬೋರ್ಡ್. ಆದರೆ ಆ ಸಣ್ಣ ಪರದೆಯ ಮುಂದೆ ಒಬ್ಬನೇ ಕೂರುತ್ತಾನೆ. ಬಾಗಿಲಲ್ಲಿ ಆರು ಜೋಡಿ ಚಪ್ಪಲಿ ಇರುವುದಿಲ್ಲ.

ಡೊಂಬಿವಿಲಿ

ಹೋದ ತಿಂಗಳು ಭಾವ ಮತ್ತೆ ಕೇಳಿದರು. ಈ ಸಲ ಫೋನಿನಲ್ಲಲ್ಲ, ಹೋಟೆಲಿನ ಹಿಂದಿನ ಮೇಜಿನಲ್ಲಿ ಎದುರು ಕೂರಿಸಿ, ಕಾಫಿ ತರಿಸಿ. "ಭಿಶಿ ನಂದು ಬಂತು. ಹೇಳು, ಇನ್ನೂ ಕಾಯುವುದಾ?" ನಾನು "ಕಾಯುವುದು ಬೇಡ ಭಾವ. ನಾನು ಅವತ್ತು ಹೇಳಿದ್ದು ತಪ್ಪಾಯಿತು" ಅಂದೆ. ಅವರು ಲೋಟವನ್ನು ಬಟ್ಟಲಿಗೆ ಬಗ್ಗಿಸಿ ಆರಿಸುತ್ತಾ, "ನೀನು ಹೇಳದಿದ್ದರೂ ನಾನು ಆಗ ತಗೊಳ್ತಿರಲಿಲ್ಲವೇನೋ" ಅಂದರು. ನನ್ನನ್ನು ಹಗುರ ಮಾಡುವುದಕ್ಕೆ ಹೇಳಿದ ಮಾತು ಅದು, ಇಬ್ಬರಿಗೂ ಗೊತ್ತಿತ್ತು.

ಆ ಭಾನುವಾರ ಮೂವರೂ ಡೊಂಬಿವಿಲಿಗೆ ಹೋದೆವು. ಎಂಜಿನಿಯರಿಂಗ್ ಓದಲು ಪುಣೆಗೆ ಹೊರಟಿದ್ದ ಒಬ್ಬ ಹುಡುಗ ತನ್ನ ಪಿಎಸ್4 ಮಾರುತ್ತಿದ್ದ. ಎರಡು ರಿಮೋಟ್, ಏಳು ಡಿಸ್ಕು, 16,000. ನಾನು ಸೆಟ್ಟನ್ನು ತಿರುಗಿಸಿ ಸೀಲು ನೋಡಿದೆ, ಅರ್ಧ ಗಂಟೆ ಓಡಿಸಿ ಫ್ಯಾನಿನ ಸದ್ದು ಕೇಳಿದೆ, ಒಂದೊಂದು ಡಿಸ್ಕನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಆ ಹುಡುಗನ ಅಮ್ಮ ಅಳಿಯನಿಗೆ ಚಕ್ಕುಲಿ ಕೊಟ್ಟು, "ಜಪೂನ್ ವಾಪರ್ ಹಾಂ, ಬಾಳಾ" ಅಂದರು. ಜೋಪಾನವಾಗಿ ಬಳಸು ಅಂತ. ಭಾವ ದುಡ್ಡು ಎಣಿಸಿ ಕೊಡುವಾಗ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದರು. ಬಹುಶಃ ಒಂದು ಡಿಸ್ಕಿಗೆ ಎಷ್ಟು ಬಿತ್ತು ಅಂತ.

ವಾಪಸ್ ಬರುವಾಗ ಠಾಣೆಯ ಸ್ಲೋ ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚೀಲವನ್ನು ಮೇಲಿನ ರ‍್ಯಾಕಿಗೆ ಇಡುತ್ತೇನೆ ಕೊಡು ಅಂದರೆ ಅಳಿಯ ಕೊಡಲಿಲ್ಲ. ಹದಿಮೂರು ವರ್ಷದ ಉದ್ದ ಕಾಲಿನ ಹುಡುಗ, ಅದನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿ ಕೂತಿದ್ದ. ಮುಂಬ್ರಾ ದಾಟುವಾಗ, "ಮಾವ, ಎರಡು ರಿಮೋಟ್ ಇದೆಯಲ್ಲ. ರಾತ್ರಿ ಊಟ ಮಾಡಿಕೊಂಡೇ ಹೋಗಿ" ಅಂದ.